ಸಹಾಯ ಬೇಕು: ಕೈ ರೀಮರ್‌ ಹಾಕಿದ ರಂಧ್ರದ ಬಾಯಿ ಸಡಿಲವಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ಸಣ್ಣ ಗೇರ್‌ಬಾಕ್ಸ್‌ ಒಂದರ ಮಾದರಿ ತಯಾರಿಸುತ್ತಿದ್ದೇನೆ. 10 ಮಿ.ಮೀ. ದಪ್ಪದ ಎರಡು ಅಲ್ಯೂಮಿನಿಯಂ ಪ್ಲೇಟ್‌ಗಳನ್ನು 6 ಮಿ.ಮೀ. ಡೋವೆಲ್‌ ಪಿನ್‌ಗಳಿಂದ ಕೂಡಿಸಬೇಕು. ಎಷ್ಟು ಸಲ ಬಿಚ್ಚಿ ಜೋಡಿಸಿದರೂ ಶಾಫ್ಟ್‌ಗಳ ಅಂತರ ಕದಲಬಾರದು, ಅದೇ ಮುಖ್ಯ.

5.8 ಮಿ.ಮೀ. ಡ್ರಿಲ್‌ ಹಾಕಿ, ಆಮೇಲೆ ಟ್ಯಾಪ್‌ ಹ್ಯಾಂಡಲ್‌ನಲ್ಲಿ ಎಚ್‌7 (ರಂಧ್ರದ ಅಳತೆಯ ನಿಖರತೆಯ ದರ್ಜೆ) ಕೈ ರೀಮರ್‌ (ಡ್ರಿಲ್‌ ಮಾಡಿದ ರಂಧ್ರವನ್ನು ತುಸು ಕೆರೆದು ನಿಖರ ಅಳತೆಗೆ ತರುವ ಉಪಕರಣ) ಹಿಡಿದು, ಕಟಿಂಗ್‌ ಆಯಿಲ್‌ ಬಿಟ್ಟುಕೊಂಡು ನಿಧಾನವಾಗಿ ತಿರುಗಿಸುತ್ತೇನೆ. ಹೊರತೆಗೆಯುವಾಗಲೂ ಹಿಮ್ಮುಖವಾಗಿ ತಿರುಗಿಸುವುದಿಲ್ಲ. ಹಾಗೆ ಮಾಡಿದರೆ ಅಲಗು ಮೊಂಡಾಗುತ್ತದೆ. ಇಷ್ಟಾದರೂ ರಂಧ್ರದ ಬಾಯಲ್ಲಿ ಪಿನ್‌ ಅಲ್ಲಾಡುತ್ತದೆ, ಅರ್ಧ ಇಳಿದ ಮೇಲೆ ಬಿಗಿಯಾಗುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಬಾಯಿಯ ಒಂದೇ ಬದಿಯಲ್ಲಿ ಬಿದಿಗೆ ಚಂದ್ರನಂತಹ ಸಂದು ಕಾಣುತ್ತದೆ. ಶುರುವಿನಲ್ಲಿ ರೀಮರ್‌ ವಾಲುತ್ತಿದೆ ಎಂಬುದು ನನ್ನ ಅನುಮಾನ.

ಡ್ರಿಲ್‌ ಮಾಡಿದ ಮೇಲೆ ಪ್ಲೇಟನ್ನು ಕದಲಿಸದೆ, ಡ್ರಿಲ್‌ ಪ್ರೆಸ್‌ ಚಕ್‌ನಲ್ಲಿ ಮೊನಚು ಸೆಂಟರ್‌ ಕಟ್ಟಿ ರೀಮರ್‌ನ ತಲೆಗೆ ಆನಿಸಿದರೆ ಸಾಕೇ? ಅಥವಾ ರಂಧ್ರವಿರುವ ದಪ್ಪ ಗೈಡ್‌ ಬ್ಲಾಕ್‌ ಒಂದನ್ನು ಕ್ಲ್ಯಾಂಪ್‌ ಮಾಡುವುದು ಉತ್ತಮವೇ?

ಅಳತೆಯದೂ ಒಂದು ತೊಡಕಿದೆ. ಈ ಗಾತ್ರದ ರಂಧ್ರದ ಅಳತೆಯಲ್ಲಿ ಎಚ್‌7 ಒಪ್ಪುವ ವ್ಯತ್ಯಾಸ ಬರೀ 0.012 ಮಿ.ಮೀ. ನನ್ನ ವರ್ನಿಯರ್‌ನ ಕನಿಷ್ಠ ಅಳತೆಯೇ 0.02. ಸಾಲದ್ದಕ್ಕೆ ಅದರ ಚಪ್ಪಟೆ ದವಡೆಗಳು ಸಣ್ಣ ರಂಧ್ರವನ್ನು ಇರುವುದಕ್ಕಿಂತ ಚಿಕ್ಕದಾಗಿ ತೋರಿಸುತ್ತವೆ. ಸ್ಮಾಲ್‌ ಹೋಲ್‌ ಗೇಜ್‌ (ರಂಧ್ರದೊಳಗೆ ಅಗಲಿಸಿ, ಹೊರತೆಗೆದು ಅಳೆಯುವಂಥದ್ದು) ಮತ್ತು ಮೈಕ್ರೋಮೀಟರ್‌ ಜೋಡಿ ಕೊಳ್ಳಲೇ, ಪಿನ್‌ ಗೇಜ್‌ಗಳನ್ನು (ರಂಧ್ರಕ್ಕೆ ತೂರಿಸಿ ನೋಡುವ ನಿಖರ ಅಳತೆಯ ಸರಳುಗಳು) ಕೊಳ್ಳಲೇ? ಎರಡನ್ನೂ ಬಳಸಿದವರು ದಯವಿಟ್ಟು ತಿಳಿಸಿ. ಬಾಯಿ ಅಗಲವಾಗಿರುವುದನ್ನು ಯಾವುದು ಸರಿಯಾಗಿ ಹಿಡಿದುಕೊಡುತ್ತದೆ ಎಂಬುದೇ ನನಗೆ ಬೇಕಾಗಿರುವುದು.