ಇಟರೇಟರ್‌ಗೆ 'ಪಾಳಿ' ಅಂದರೆ ನಿಮ್ಮ ಕಡೆ ಅರ್ಥವಾಗುತ್ತದೆಯೇ?

ಗೆಳೆಯರೇ, ನಮಸ್ಕಾರ.

ಸಿಂಧನೂರಿನಲ್ಲಿ ಡಿಪ್ಲೊಮಾ ಹುಡುಗರಿಗೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತೇನೆ. ಪೈಥಾನ್ 3ರಲ್ಲಿ ಕನ್ನಡ ಅಕ್ಷರದಲ್ಲೇ ಫಂಕ್ಷನ್‌ಗೆ ಹೆಸರಿಡಬಹುದು. ಹಾಗಾಗಿ 2003ರಿಂದ ಪೈಥಾನ್ ಜೊತೆಗೇ ಬರುತ್ತಿರುವ ಸಿದ್ಧ ಫಂಕ್ಷನ್‌ಗಳ ಗುಂಪು ಇಟರ್‌ಟೂಲ್ಸ್‌ನ ಕೆಲವು ಫಂಕ್ಷನ್‌ಗಳಿಗೆ ಕನ್ನಡ ಹೆಸರು ಕೊಟ್ಟು ಒಂದು ಪುಟ್ಟ ಲೈಬ್ರರಿ ಮಾಡುತ್ತಿದ್ದೇನೆ. ತೊಡಕಾಗಿರುವುದು ಇಟರೇಟರ್ ಅನ್ನೋ ಪದವೇ, ಅಂದರೆ ಕೇಳಿದಾಗ ಒಂದೊಂದನ್ನೇ ತೆಗೆದುಕೊಡುವ ವಸ್ತುವಿನ ಹೆಸರು.

ಮೊದಲು 'ಪುನರಾವರ್ತಕ' ಎಂದು ಬರೆದಿದ್ದೆ. ಲ್ಯಾಟಿನ್ ಮೂಲದಲ್ಲಿ 'ಮತ್ತೆ ಮಾಡು' ಅನ್ನೋ ಅರ್ಥವೇ ಇದೆ, ನಿಜ. ಆದರೆ ಕಳೆದ ವಾರ ಒಬ್ಬ ಹುಡುಗ ಐದು ದಿನದ ಭತ್ತದ ದರ ಹಾಕಿ ಇಟರೇಟರ್ ಮಾಡಿದ. ಮೊತ್ತ ಕೇಳಿದ, ಸರಿಯಾಗಿ ಬಂತು. ಅದರದ್ದೇ ಮೊತ್ತ ಇನ್ನೊಮ್ಮೆ ಕೇಳಿದ, ಸೊನ್ನೆ ಬಂತು. "ಸರ್, ಪುನರಾವರ್ತಕ ಅಂದಮ್ಯಾಲೆ ಮತ್ತ ಮೊದಲಿಂದ ಬರಬೇಕಲ್ರಿ?" ಅಂದ. ಅವನು ಕೇಳಿದ್ದು ಸರಿ. ತಪ್ಪು ನಾನು ಕೊಟ್ಟ ಪದದ್ದು.

ಇಟರೇಟರ್ ಏನನ್ನೂ ಮತ್ತೆ ಮಾಡುವುದಿಲ್ಲ. 'ಮುಂದಿನದು' ಎಂದು ಕೇಳಿದಾಗೆಲ್ಲ ಒಂದನ್ನು ಕೊಟ್ಟು ಮುಂದೆ ಹೋಗುತ್ತದೆ, ಹಿಂದೆ ಬರುವುದಿಲ್ಲ. ಆಗ ನೆನಪಾದದ್ದು ನಮ್ಮ ರೇಷನ್ ಅಂಗಡಿ. ಪುಸ್ತಕದಲ್ಲಿ ಎಲ್ಲರ ಹೆಸರೂ ಹಾಗೇ ಇರುತ್ತದೆ. ಮುಂದೆ ಸರಿಯುವುದು ಪಾಳಿ ಮಾತ್ರ. ಪುಸ್ತಕ ಲಿಸ್ಟ್ ಆದರೆ, ಪಾಳಿ ಇಟರೇಟರ್. ಇನ್ನೊಮ್ಮೆ ಬೇಕೆಂದರೆ ಹೊಸದಾಗಿ ಪಾಳಿ ಹಚ್ಚಬೇಕು! ಇದನ್ನು ಹೇಳಿದ ಕೂಡಲೇ ಆ ಹುಡುಗನಿಗೆ ಸೊನ್ನೆ ಯಾಕೆ ಬಂತೆಂದು ಗೊತ್ತಾಯಿತು. ಕಾಲುವೆ ನೀರಿಗೂ ಪಾಳಿ ಅನ್ನೋ ಊರು ನಮ್ಮದು, ಬಿಡಿಸಿ ಹೇಳಬೇಕಾಗಲೇ ಇಲ್ಲ. ಪಾಳಿ ಬಂತು, ಪಾಳಿ ತಪ್ಪಿತು, ಪಾಳಿ ಮುಗಿಯಿತು ಅನ್ನೋ ಮಾತುಗಳೂ ಸಿದ್ಧ ಇವೆ. ಕೊಡಲು ಏನೂ ಉಳಿಯದಾಗ ಪೈಥಾನ್ ಎಸೆಯುವ ಸ್ಟಾಪ್‌ಇಟರೇಷನ್‌ಗೆ 'ಪಾಳಿ ಮುಗಿಯಿತು' ಎಷ್ಟು ಚೆನ್ನಾಗಿ ಒಪ್ಪುತ್ತದೆ, ಅಲ್ವಾ?

ಇಟರ್‌ಟೂಲ್ಸ್‌ನ ಫಂಕ್ಷನ್‌ಗಳ ಹೆಸರುಗಳು ಸುಲಭವಾದವು. ನಿಜವಾಗಿ ಮತ್ತೆ ಮತ್ತೆ ಬರುವ ಸೈಕಲ್‌ಗೆ 'ಸುತ್ತು'. ಒಂದರ ಹಿಂದೆ ಒಂದು ಪೋಣಿಸುವ ಚೈನ್‌ಗೆ 'ಕೊಂಡಿ'. ಒಂದನ್ನು ಎರಡಾಗಿ ಒಡೆಯುವ ಟೀಗೆ 'ಟೀ' ಎಂದೇ ಇಟ್ಟೆ. ಹೊಲಕ್ಕೆ ಪೈಪ್ ಹಾಕುವವರೆಲ್ಲ ನೀರನ್ನು ಎರಡು ಕಡೆ ಒಡೆಯುವ ಜೋಡಣೆಗೆ ಹಾಗೇ ಅನ್ನುತ್ತಾರೆ.

ಈಗ ಕೇಳಬೇಕಾದದ್ದು ಇಷ್ಟು. ಮೈಸೂರು, ಮಂಗಳೂರು ಕಡೆಯವರಿಗೆ 'ಪಾಳಿ' ಅಂದರೆ ಕಾರ್ಖಾನೆಯ ರಾತ್ರಿ ಪಾಳಿ ಒಂದೇ ನೆನಪಾಗುತ್ತದೆಯೇ? ಹಾಗಿದ್ದರೆ 'ಸರದಿ' ಅನ್ನಬಹುದು. ಆದರೆ ಅದನ್ನು ಕ್ಯೂಗೆ ಆಗಲೇ ಬಳಸಿಬಿಟ್ಟಿದ್ದೇನೆ. ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ "ಈಗ ಯಾರದು?" ಎಂದು ಕೇಳುವಾಗ ಬಾಯಿಗೆ ಬರುವ ಪದ ಯಾವುದು? ಅದನ್ನು ಊರಿನ ಹೆಸರಿನ ಜೊತೆ ತಿಳಿಸಿ.