ಜೋಳದ ರೊಟ್ಟಿಯ ಗ್ಲೈಸಿಮಿಕ್ ಇಂಡೆಕ್ಸ್ ಪ್ರಾಜೆಕ್ಟ್: ಹಿಟ್ಟು ಎಷ್ಟು, ಮಂದಿ ಎಷ್ಟು, ಲೆಕ್ಕ ಹೆಂಗ?

ಪ್ರಶ್ನೆ: ವಿಜಯಪುರ_ನ್ಯೂಟ್ರಿಷನ್

ಎಲ್ಲರಿಗೂ ನಮಸ್ಕಾರ್ರಿ. ಎಂ.ಎಸ್ಸಿ. ಆಹಾರ ಮತ್ತು ಪೋಷಣೆ, ಕೊನೇ ಸೆಮಿಸ್ಟರ್, ವಿಜಯಪುರ. ಬಿಸಿ ರೊಟ್ಟಿ, ಖಡಕ್ ರೊಟ್ಟಿ ಎರಡರದೂ ಗ್ಲೈಸಿಮಿಕ್ ಇಂಡೆಕ್ಸ್ (ಜಿಐ), ಅಂದ್ರ 50 ಗ್ರಾಂ ಕಾರ್ಬ್ ಇರೋವಷ್ಟು ತಿಂದಾಗ ರಕ್ತದ ಸಕ್ಕರಿ ಏರೋದು ಅಷ್ಟೇ ಗ್ಲೂಕೋಸ್ ಕುಡದಾಗಿನದರ ಶೇಕಡಾ ಎಷ್ಟು ಅಂತ ಅಳಿಯೋದು ವಿಷಯ. ಪ್ಲ್ಯಾನ್ ಹಿಂಗೈತಿ: ಹಾಸ್ಟೆಲಿನ 5 ಹುಡುಗ್ಯಾರು, ಒಂದು ಗ್ಲುಕೋಮೀಟರ್, ರೊಟ್ಟಿ ತಿಂದಮ್ಯಾಲೆ ಅರ್ಧ ತಾಸಿಗೊಮ್ಮೆ ರೀಡಿಂಗ್, ಒಟ್ಟು 2 ತಾಸು. ಐಎಫ್‌ಸಿಟಿ 2017ರಾಗ (ಭಾರತದ ಆಹಾರಗಳ ಪೋಷಕಾಂಶ ಕೋಷ್ಟಕ) 100 ಗ್ರಾಂ ಜೋಳಕ್ಕ ಕಾರ್ಬೋಹೈಡ್ರೇಟ್ 67.68 ಗ್ರಾಂ, ನಾರು 10.22 ಗ್ರಾಂ ಕೊಟ್ಟಾರ. ನಾರು ಕಳದ್ರ 57.46. ಅಂದ್ರ 50 ಗ್ರಾಂ ಕಾರ್ಬಿಗೆ 87 ಗ್ರಾಂ ಹಿಟ್ಟು. ಸರಿ ಐತೇನ್ರಿ? ಐಎಯುಸಿ (ಸಕ್ಕರಿ ರೇಖೆಯ ಕೆಳಗ, ಉಪವಾಸದ ಮಟ್ಟದ ಮ್ಯಾಲಿನ ಕ್ಷೇತ್ರಫಲ) ಎಕ್ಸೆಲ್‌ನಾಗ ಹೆಂಗ ಹಾಕೋದು? ವೈವಾಕ್ಕ ಮೆಟಬಾಲಿಸಂನಾಗ ಏನು ಗಟ್ಟಿ ಮಾಡ್ಕೋಬೇಕು ಅನ್ನೋದನ್ನೂ ಹೇಳ್ರಿ.

ಉತ್ತರ 1: ತಕ್ಕಡಿ_ಬಟ್ಟು

ಹಿಟ್ಟಿನ ಲೆಕ್ಕ ತಪ್ಪೈತಿ ತಂಗಿ. ಐಎಫ್‌ಸಿಟಿ ಕೊಡೋ 67.68ರಾಗ ನಾರು ಮೊದಲೇ ಕಳದಿರ್ತದ. ನೀನೇ ಕೂಡಿಸಿ ನೋಡು: ತೇವ 9.01, ಪ್ರೋಟೀನ್ 9.97, ಬೂದಿ 1.39, ಕೊಬ್ಬು 1.73, ನಾರು 10.22. ಒಟ್ಟು 32.32. ನೂರರಾಗ ಅದನ್ನ ತಗದ್ರ ಉಳಿಯೋದು 67.68. ನೀನು ನಾರನ್ನ ಎರಡು ಸಲ ಕಳದೀ. ಬೇಕಾಗೋ ಹಿಟ್ಟು 73.9 ಗ್ರಾಂ. 87 ಗ್ರಾಂ ಕೊಟ್ರ ಕಾರ್ಬ್ ಸುಮಾರು 59 ಗ್ರಾಂ ಆಗತದ, ಜಿಐ ಸುಳ್ಳಾಗಿ ಏರತದ. ಈ ಗೊಂದಲಕ್ಕ ಕಾರಣ ಎನ್‌ಐಎನ್‌ದ (ರಾಷ್ಟ್ರೀಯ ಪೋಷಣಾ ಸಂಸ್ಥೆ) ಹಳೇ ಕೋಷ್ಟಕ. ಅದರಾಗ ಜೋಳಕ್ಕ 72.6 ಅಂತೈತಿ, ಅಲ್ಲಿ ಕಳದದ್ದು ಕಚ್ಚಾ ನಾರು 1.6 ಅಷ್ಟೇ. ಎರಡೂ ಕೋಷ್ಟಕ ಬೆರಸಬ್ಯಾಡ.

ಆದ್ರ 73.9 ಗ್ರಾಂ ಹಿಟ್ಟು ತೂಗಿ ಎರಡು ರೊಟ್ಟಿ ಬಡದು ಕೊಟ್ರ ಕೆಲಸ ಮುಗೀಲಿಲ್ಲ. ಬಡಿಯುವಾಗ ಉದುರಿಸೋ ಒಣ ಹಿಟ್ಟು ಕೂಡತದ, ಪರಾತಕ್ಕ, ಕೈಗೆ ಒಂದಿಷ್ಟು ಹತ್ತತದ. ಅದಕ್ಕ 500 ಗ್ರಾಂ ಹಿಟ್ಟಿನ ಒಂದು ಘಾಣಿ ಮಾಡು. ಎಸರಿನ ನೀರು ಅಳದು ಹಾಕು, ಉದುರಿಸಾಕ ತಗೊಂಡ ಹಿಟ್ಟನ್ನ ಬ್ಯಾರೆ ತೂಗು, ಉಳದದ್ದನ್ನೂ ಅಂಟಿದ್ದನ್ನೂ ಒಣಗಿಸಿ ತೂಗಿ ಕಳಿ. ಸುಟ್ಟ ರೊಟ್ಟಿಗಳ ಒಟ್ಟು ತೂಕಕ್ಕ ಒಟ್ಟು ಕಾರ್ಬ್ ಭಾಗಿಸಿದ್ರ 100 ಗ್ರಾಂ ರೊಟ್ಟಿಯೊಳಗ ಎಷ್ಟು ಅಂತ ಸಿಗತದ, ಪ್ರಮಾಣ ಅದರಿಂದ ಕತ್ತರಿಸು. ಖಡಕ್ ರೊಟ್ಟಿ ತೇವ ಕಳಕೊಂಡು ಹಗುರಾಗಿರ್ತದ, ಹಂಗಾಗಿ ಅದರ ತೂಕ ಬ್ಯಾರೆ, ಕಾರ್ಬ್ ಅಷ್ಟೇ. ಎರಡರ ತೇವಾನೂ 105 ಡಿಗ್ರಿ ಓವನ್‌ನಾಗ ತೂಕ ನಿಲ್ಲೋ ತನಕ ಇಟ್ಟು ನೋಡು.

ನಿನ್ನ ಪ್ರಾಜೆಕ್ಟಿನ ಜೀವಾಳ ಇಲ್ಲೈತಿ: ಎಸರಿನಾಗ ಅರಳಿದ ಪಿಷ್ಟ ಆರಿದಮ್ಯಾಲೆ ಮತ್ತ ಗಟ್ಟಿ ಕಟ್ಟಿ ಒಂದಿಷ್ಟು ರೆಸಿಸ್ಟಂಟ್ ಸ್ಟಾರ್ಚ್ ಆಗ್ತದ. ಅದು ಸಣ್ಣ ಕರುಳಿನಾಗ ಜೀರ್ಣ ಆಗೂದಿಲ್ಲ, ಹಂಗಾಗಿ 50 ಗ್ರಾಂ ಲೆಕ್ಕದಾಗ ಸೇರಬಾರದು. ಹಿಟ್ಟಿನ ಅಂಕಿಯನ್ನೇ ಎರಡಕ್ಕೂ ಹಚ್ಚಿದ್ರ ಖಡಕ್ ರೊಟ್ಟಿ ತಿಂದವರಿಗೆ 50 ಗ್ರಾಂಗಿಂತ ಕಡಿಮಿ ಸಿಕ್ಕು, ಜಿಐ ಕಡಿಮಿ ಬಂತು ಅಂತ ಖುಷಿಪಡೋದಾಗ್ತದ. ಎರಡೂ ರೊಟ್ಟಿಯ ಒಟ್ಟು ಪಿಷ್ಟ, ರೆಸಿಸ್ಟಂಟ್ ಸ್ಟಾರ್ಚ್ ಲ್ಯಾಬಿನಾಗ ಅಳಸು. ರೊಕ್ಕ ಖರ್ಚಾದ್ರೂ ಇದನ್ನ ಬಿಡಬ್ಯಾಡ.

ಜೋಳ ಒಂದೇ ತಳಿ, ಒಂದೇ ಚೀಲದ್ದಿರಲಿ. ಮಾಲದಂಡಿ ಎಂ 35-1 ಬೇಕಿದ್ರ ಹಿಟ್ನಳ್ಳಿ ಕೃಷಿ ಸಂಶೋಧನಾ ಕೇಂದ್ರದಾಗ ವಿಚಾರಿಸು. ಪ್ಯಾಟ್ಯಾಗಿನ ‘ಬಿಳಿಜೋಳ’ ಅಂತ ಪ್ರಬಂಧದಾಗ ಬರದ್ರ ಪರೀಕ್ಷಕರು ಬಿಡೂದಿಲ್ಲ.

ಉತ್ತರ 2: ಬೆಳಗಾವಿ_ಬಯೋಕೆಮ್

ರಕ್ತದ ಭಾಗಕ್ಕೆ ಬರೋಣ. ಐವರು ಸಾಲದು. ಜಿಐ ಅಳೆಯುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 26642:2010 ಪ್ರಕಾರ ಕನಿಷ್ಠ 10 ಆರೋಗ್ಯವಂತರು ಬೇಕು. ಮೊದಲು ಎಥಿಕ್ಸ್ ಸಮಿತಿಯ ಒಪ್ಪಿಗೆ, ಪ್ರತಿಯೊಬ್ಬರ ಲಿಖಿತ ಸಮ್ಮತಿ. ಅದಿಲ್ಲದೆ ಒಂದು ಬೆರಳನ್ನೂ ಚುಚ್ಚಬೇಡಿ. ಎಲ್ಲರ ಹಿಮೋಗ್ಲೋಬಿನ್ ಕೂಡ ನೋಡಿ. ರಕ್ತಹೀನತೆ ಇದ್ದವರಲ್ಲಿ ಗ್ಲುಕೋಮೀಟರ್ ಸಕ್ಕರೆಯನ್ನು ಹೆಚ್ಚಿಗೆ ತೋರಿಸುತ್ತದೆ.

ಅರ್ಧ ತಾಸಿಗೊಮ್ಮೆ ಅಳೆದರೆ ಏರಿಕೆಯ ತುದಿಯೇ ತಪ್ಪಿಹೋಗಬಹುದು. ಖಾಲಿ ಹೊಟ್ಟೆಯಲ್ಲಿ ಎರಡು ಸಲ, ಆಮೇಲೆ 15, 30, 45, 60, 90, 120 ನಿಮಿಷಕ್ಕೆ. ಗಡಿಯಾರ ಓಡಬೇಕಾದ್ದು ಮೊದಲ ತುತ್ತಿನಿಂದ. ತಿಂದು ಮುಗಿಸಲು 12ರಿಂದ 15 ನಿಮಿಷ. ಜೊತೆಗೆ 250 ಮಿ.ಲೀ. ನೀರು ಮಾತ್ರ. ಶೇಂಗಾ ಚಟ್ನಿ, ಎಣ್ಣೆಗಾಯಿ ಬೇಡ, ಕೊಬ್ಬು ಜಠರ ಖಾಲಿಯಾಗುವುದನ್ನು ತಡ ಮಾಡುತ್ತದೆ. ಹಿಂದಿನ ರಾತ್ರಿ ಎಲ್ಲರಿಗೂ ಒಂದೇ ಬಗೆಯ ಊಟ, ನಂತರ 10ರಿಂದ 14 ತಾಸು ಉಪವಾಸ. ಒಬ್ಬಳು ರಾತ್ರಿ ಮಡಕಿಕಾಳಿನ ಪಲ್ಯ ತಿಂದು ಇನ್ನೊಬ್ಬಳು ಬರೀ ಅನ್ನ ತಿಂದು ಬಂದರೆ ಬೆಳಗಿನ ರೇಖೆಯೇ ಬೇರೆಯಾಗುತ್ತದೆ. ಆ ಎರಡು ತಾಸು ಕೂತೇ ಇರಬೇಕು, ಹಾಸ್ಟೆಲ್ ಮೆಟ್ಟಿಲು ಹತ್ತಿಳಿಯುವಂತಿಲ್ಲ.

ಹೋಲಿಕೆಗೆ ಗ್ಲೂಕೋಸ್ ಪರೀಕ್ಷೆ ಪ್ರತಿಯೊಬ್ಬರಿಗೂ ಕನಿಷ್ಠ ಎರಡು ಸಲ, ಬೇರೆ ಬೇರೆ ದಿನ. ಡಬ್ಬಿಯ ಮೇಲೆ ಮಾನೋಹೈಡ್ರೇಟ್ ಎಂದಿದ್ದರೆ 50 ಅಲ್ಲ, 55 ಗ್ರಾಂ ತೂಗಬೇಕು. ಉಳಿದ 5 ಗ್ರಾಂ ಹರಳಿನೊಳಗಿನ ನೀರು. ಅಂಗಡಿಯ ರುಚಿಕಟ್ಟಿದ ಗ್ಲೂಕೋಸ್ ಪುಡಿ ಬೇಡವೇ ಬೇಡ.

ಸ್ಟ್ರಿಪ್ ಲೆಕ್ಕ: ಗ್ಲೂಕೋಸ್ ಎರಡು, ರೊಟ್ಟಿ ಎರಡು, ಒಟ್ಟು 4 ಸರದಿ. 10 ಮಂದಿ, ಸರದಿಗೆ 8 ಚುಚ್ಚು: 320. ಕೆಡುವುದೂ ಸೇರಿ 350 ತರಿಸಿ, ಎಲ್ಲವೂ ಒಂದೇ ಬ್ಯಾಚ್. ಹೆಚ್ಚಿನ ಸ್ಟ್ರಿಪ್‌ಗಳು 30 ಡಿಗ್ರಿ ಒಳಗೆ ಇರಬೇಕಾದವು. ವಿಜಯಪುರದ ಏಪ್ರಿಲ್ ಬಿಸಿಲಿಗೆ ಕಿಟಕಿ ಪಕ್ಕ ಇಟ್ಟರೆ ಮುಗಿಯಿತು. ಬೆರಳಿನ ಸ್ಪಿರಿಟ್ ಪೂರ್ತಿ ಆರಲಿ, ಮೊದಲ ಹನಿ ಒರೆಸಿ, ಹನಿಗಾಗಿ ಬೆರಳು ಹಿಂಡಬೇಡಿ. ಬಳಸಿದ ಸೂಜಿಗಳು ಚುಚ್ಚದ ಬಿಳಿ ಡಬ್ಬಿಗೆ.

ಇನ್ನೊಂದು ಮಾತು: ಐಎಸ್‌ಒ 15197:2013 ಗ್ಲುಕೋಮೀಟರಿಗೆ ಶೇಕಡಾ 15ರವರೆಗೆ ವ್ಯತ್ಯಾಸ ಒಪ್ಪುತ್ತದೆ. ಎರಡು ರೊಟ್ಟಿಗಳ ನಡುವಿನ ಅಂತರ ಸಣ್ಣದಿದ್ದರೆ ಅದರಲ್ಲೇ ಮುಳುಗಿಹೋಗುತ್ತದೆ. ಸಾಧ್ಯವಿದ್ದರೆ ಪ್ಲಾಸ್ಮಾ ತೆಗೆದು ಆಟೋಅನಲೈಸರ್‌ನಲ್ಲಿ ಓದಿಸಿ.

ಉತ್ತರ 3: ಬಾಗಲಕೋಟಿ_ಡಯಟ್

ಐಎಯುಸಿಗೆ ಒಂದು ಮಾದರಿ ಲೆಕ್ಕ. ಅಂಕಿ ಕಲ್ಪಿತ, ರೊಟ್ಟಿಯ ಫಲಿತಾಂಶ ಅನ್ಕೋಬ್ಯಾಡ್ರಿ. ಉಪವಾಸದ್ದು 88 (ಮಿ.ಗ್ರಾಂ./ಡೆ.ಲೀ.), ಆಮೇಲೆ ಮ್ಯಾಲೆ ಹೇಳಿದ ಆರು ಹೊತ್ತಿಗೆ 104, 128, 140, 132, 110, 84. ಎಲ್ಲದರಾಗೂ 88 ಕಳದ್ರ 16, 40, 52, 44, 22, ಕಡೀಕ ಋಣ 4. ಸೊನ್ನಿಯಿಂದ ಶುರು ಮಾಡಿ ಎರಡೆರಡರ ಸರಾಸರಿಯನ್ನ ನಡುವಿನ ನಿಮಿಷಕ್ಕ ಗುಣಿಸ್ರಿ: 120, 420, 690, 720, 990. ಕಡೀ ತುಂಡಿನಾಗ ಎಲ್ಲಾರೂ ಎಡವ್ತಾರ. ರೇಖೆ 22ರಿಂದ ಇಳದು ಸೊನ್ನಿ ಮುಟ್ಟೋದು 30 × 22 ÷ 26, ಅಂದ್ರ 25.4ನೇ ನಿಮಿಷಕ್ಕ. ಅಲ್ಲಿತನಕದ ತ್ರಿಕೋನ ಅಷ್ಟೇ ಹಿಡೀಬೇಕು: 279. ಋಣ 4ರ ಬದಲಿ ಸೊನ್ನಿ ಬರದ್ರ 330 ಬರತದ, ತಪ್ಪು. ಒಟ್ಟು 3219. ಅದೇ ಹುಡುಗಿಯ ಗ್ಲೂಕೋಸ್ ಸರಾಸರಿ 4800 ಇದ್ರ ಆಕಿಯ ಜಿಐ 67.

ಹಿಂಗ ಒಬ್ಬೊಬ್ಬರದೂ ತಗದು ಆಮ್ಯಾಲೆ ಸರಾಸರಿ ಮಾಡ್ರಿ. ಎಲ್ಲರ ರೇಖೆ ಕೂಡಿಸಿ ಒಂದು ಸಲ ಭಾಗಿಸೋದು ನಡೆಯೂದಿಲ್ಲ.

ಎಥಿಕ್ಸ್ ಒಪ್ಪಿಗೆ ತಡ ಆದ್ರ ಇನ್ ವಿಟ್ರೋ (ಮಂದಿ ಬದಲಿ ಲ್ಯಾಬಿನಾಗ ಕಿಣ್ವ ಹಾಕಿ ಜೀರ್ಣ ಮಾಡಿ ನೋಡೋದು) ಮಾಡಬಹುದು, ಆದ್ರ ಗೋನಿ ಸೂತ್ರ, ಅಂದ್ರ 39.71 + 0.549 × ಎಚ್‌ಐ (ಪಿಷ್ಟ ಎಷ್ಟು ಒಡೀತು ಅನ್ನೋ ಸೂಚ್ಯಂಕ) ಹಾಕಿದಾಗ ಒಂದು ನೆನಪಿರಲಿ: ಏನೂ ಜೀರ್ಣ ಆಗದಿದ್ರೂ ಉತ್ತರ 39.71 ಬರ್ತದ. ಅದಕ್ಕ ‘ಅಂದಾಜು ಜಿಐ’ ಅಂತನೇ ಬರೀರಿ.

ವಿಜಯಪುರ_ನ್ಯೂಟ್ರಿಷನ್

ಬಾಳ ಉಪಕಾರ ಆತ್ರಿ. 87 ಅನ್ನೋದನ್ನ ಸಿನಾಪ್ಸಿಸ್‌ನಾಗ ಇವತ್ತೇ ತಿದ್ದತೀನಿ. ವೈವಾದ್ದು ಯಾರಾದ್ರೂ ಹೇಳ್ರಿ.

ಉತ್ತರ 4: ಬೆಳಗಾವಿ_ಬಯೋಕೆಮ್

ಕ್ರೆಬ್ಸ್ ಚಕ್ರದ ಹೆಸರುಗಳನ್ನು ಬಾಯಿಪಾಠ ಮಾಡಿ ಕೂತರೆ ಇಲ್ಲಿ ಉಪಯೋಗವಿಲ್ಲ. ನೀವು ಅಳೆಯುವ ಅಂಕಿ ಕರುಳಿನಿಂದ ಬಂದ ಗ್ಲೂಕೋಸ್ ಮಾತ್ರವಲ್ಲ. ಉಪವಾಸದಲ್ಲಿ ಯಕೃತ್ತು ಕಿಲೋ ತೂಕಕ್ಕೆ ನಿಮಿಷಕ್ಕೆ ಸುಮಾರು 2 ಮಿ.ಗ್ರಾಂ. ಬಿಡುತ್ತಿರುತ್ತದೆ, 60 ಕಿಲೋ ಇದ್ದರೆ ತಾಸಿಗೆ ಸುಮಾರು 7 ಗ್ರಾಂ. ಊಟದ ನಂತರ ಇನ್ಸುಲಿನ್ ಅದನ್ನು ತಗ್ಗಿಸುತ್ತದೆ, ಸ್ನಾಯುವಿನಲ್ಲಿ ಗ್ಲೂಕೋಸನ್ನು ಒಳಗೆ ಸಾಗಿಸುವ ಗ್ಲುಟ್-4 ಪ್ರೋಟೀನನ್ನು ಕೋಶದ ಹೊರಪೊರೆಗೆ ತರುತ್ತದೆ. 120ನೇ ನಿಮಿಷಕ್ಕೆ ರೇಖೆ ಉಪವಾಸದ ಮಟ್ಟಕ್ಕಿಂತ ಕೆಳಗೆ ಏಕೆ ಹೋಯಿತು ಎಂದು ಖಂಡಿತ ಕೇಳುತ್ತಾರೆ, ಉತ್ತರ ಇಲ್ಲಿದೆ.

ಎರಡನೆಯದು, ಫ್ರಕ್ಟೋಸಿನ ಜಿಐ ಏಕೆ ಕಡಿಮೆ? ಯಕೃತ್ತಿನಲ್ಲಿ ಅದು ಫ್ರಕ್ಟೋಕೈನೇಸ್ ಮೂಲಕ ಒಳಸೇರಿ ಫಾಸ್ಫೋಫ್ರಕ್ಟೋಕೈನೇಸ್ ಎಂಬ ತಡೆಯನ್ನು ದಾಟಿಹೋಗುತ್ತದೆ, ರಕ್ತದ ಗ್ಲೂಕೋಸಿನಲ್ಲಿ ಅಷ್ಟಾಗಿ ಕಾಣುವುದಿಲ್ಲ. ಹಾಗಾಗಿ ಜಿಐ ಕಡಿಮೆ ಎಂದ ಮಾತ್ರಕ್ಕೆ ಆಹಾರ ಒಳ್ಳೆಯದು ಎಂದು ಬರೆಯಬೇಡಿ.

ಮೂರನೆಯದು ಜೋಳದ್ದೇ. ಕಾಫಿರಿನ್ ಎಂಬ ಪ್ರೋಟೀನು ನೀರಿನಲ್ಲಿ ಬೆಂದಾಗ ಡೈಸಲ್ಫೈಡ್ ಕೊಂಡಿ ಕಟ್ಟಿಕೊಂಡು ಪಿಷ್ಟದ ಕಣಗಳಿಗೆ ಕಿಣ್ವ ತಲುಪುವುದನ್ನು ಕಷ್ಟ ಮಾಡುತ್ತದೆ. ಎಸರು ಹಾಕಿ ನಾದಿದ ಹಿಟ್ಟಿಗೆ ಇದನ್ನು ಹೊಂದಿಸಿ ಹೇಳಲು ಬಂದರೆ, ಉಳಿದ ಪ್ರಶ್ನೆಗಳು ನಿಮ್ಮ ಅಂಕಿಗಳ ಮೇಲೆಯೇ ಬರುತ್ತವೆ. ಸರಾಸರಿಯ ಜೊತೆ ಎಸ್‌ಇಎಂ (ಸರಾಸರಿಯ ಪ್ರಮಾಣಿತ ದೋಷ) ಹಾಕಿಟ್ಟುಕೊಳ್ಳಿ.