ಎಸೆತಗಾರನ ‘ಔಟಿಂಗ್’ಗೆ ‘ಪಾಳಿ’ ಸಲ್ಲುತ್ತದೆಯೇ?

ಮಾನ್ಯರೇ,

ಬೇಸ್‌ಬಾಲ್ ಕುರಿತ ಬರಹವೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿರುವ ನಾನು ‘ಔಟಿಂಗ್’ (ಎಸೆತಗಾರನೊಬ್ಬ ಒಂದು ಪಂದ್ಯದಲ್ಲಿ ಎಸೆಯಲು ಇಳಿದು ಹೊರಬರುವವರೆಗಿನ ಕೆಲಸ) ಎಂಬ ಪದದ ಬಳಿ ಎರಡು ದಿನಗಳಿಂದ ತಡವರಿಸುತ್ತಿದ್ದೇನೆ. 2024ರ ಮೇ 17ರಂದು ಶಿಕಾಗೊದ ರಿಗ್ಲಿ ಫೀಲ್ಡ್‌ನಲ್ಲಿ, ಪದಾರ್ಪಣೆ ಮಾಡಿ ಇನ್ನೂ ವಾರ ತುಂಬದಿದ್ದ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಎಸೆತಗಾರ ಪಾಲ್ ಸ್ಕೀನ್ಸ್, ಆತಿಥೇಯ ಕಬ್ಸ್ ತಂಡದ ಮೊದಲ 7 ದಾಂಡಿಗರನ್ನು ಸಾಲಾಗಿ ಸ್ಟ್ರೈಕ್‌ಔಟ್ ಮಾಡಿ (ಚೆಂಡನ್ನು ಅಂಕಣಕ್ಕೆ ಬಾರಿಸಲು ಬಿಡದೆ ಔಟ್ ಮಾಡಿ), 6 ಇನಿಂಗ್ಸ್‌ಗಳಲ್ಲಿ (ಇಲ್ಲಿ ಇನಿಂಗ್ಸ್ ಎಂದರೆ ಮೂವರು ಔಟಾಗುವವರೆಗಿನ ಸರದಿ) ಒಂದು ಹಿಟ್ (ಚೆಂಡು ಬಾರಿಸಿ ಬೇಸ್ ತಲುಪುವುದು) ಕೂಡ ಕೊಡದೆ, ಒಟ್ಟು 11 ಮಂದಿಯನ್ನು ಅದೇ ರೀತಿ ವಾಪಸು ಕಳುಹಿಸಿದ. ಆಗ ಅವನಿಗೆ 21 ವರ್ಷ. ಇದನ್ನು ‘ಸ್ಕೀನ್ಸನ ಎರಡನೆಯ ಔಟಿಂಗ್’ ಎಂದು ಬರೆದು ಮನೆಯಲ್ಲಿ ಓದಿದರೆ, ‘ಎಲ್ಲಿಗೆ ಹೋಗಿದ್ದನಂತೆ, ನಂದಿಬೆಟ್ಟಕ್ಕೋ?’ ಎಂಬ ಪ್ರಶ್ನೆ ಬಂತು.

‘ಪಿಚರ್’ ಪದಕ್ಕೆ ಅಷ್ಟು ತೊಡಕಾಗಲಿಲ್ಲ. ‘ಪಿಚ್’ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು 22 ಗಜದ ನೆಲವಾದ್ದರಿಂದ ಅದನ್ನು ಬಿಟ್ಟು ‘ಎಸೆತಗಾರ’ ಎಂದಿದ್ದೇನೆ. ಕ್ರಿಕೆಟ್‌ನಲ್ಲಿ ಮಡಿಸಿದ ಮೊಣಕೈಯನ್ನು ಬಿಡಿಸಿ ಎಸೆದರೆ ನೋಬಾಲ್ ಆಗುತ್ತದೆ. ಹಾಗಿದ್ದೂ ಅಲ್ಲಿ ಒಗ್ಗಿಹೋಗಿರುವ ಈ ಪದ ನಿಜಕ್ಕೂ ಹೊಂದುವುದು ಬೇಸ್‌ಬಾಲ್‌ಗೇ ಎಂದು ನನ್ನ ಅನಿಸಿಕೆ.

‘ಔಟಿಂಗ್’ಗೆ ‘ಸ್ಪೆಲ್’ ಒಗ್ಗದು, ಏಕೆಂದರೆ ಕ್ರಿಕೆಟ್ ಬೌಲರ್ ಒಂದು ಸ್ಪೆಲ್ ಮುಗಿಸಿ ಅದೇ ಇನಿಂಗ್ಸ್‌ನಲ್ಲಿ ಮತ್ತೊಂದಕ್ಕೆ ಬರಬಹುದು, ಆದರೆ ಬೇಸ್‌ಬಾಲ್‌ನಲ್ಲಿ ಬದಲಿ ಆಟಗಾರನಿಗೆ ಜಾಗ ಬಿಟ್ಟು ಹೊರನಡೆದವನು ಆ ಪಂದ್ಯಕ್ಕೆ ಮರಳುವಂತಿಲ್ಲ. ‘ಪ್ರದರ್ಶನ’ ತೀರಾ ಸಡಿಲವಾಯಿತು. ಕೊನೆಗೆ ಹೊಳೆದದ್ದು ‘ಪಾಳಿ’. ಒಂದು ತಂಡದಲ್ಲಿ ಆರಂಭಿಕ ಎಸೆತಗಾರರು ಸಾಮಾನ್ಯವಾಗಿ ಐವರಿದ್ದು, ಒಬ್ಬರಾದ ಮೇಲೆ ಒಬ್ಬರಂತೆ ಪಂದ್ಯ ಆರಂಭಿಸುತ್ತಾರೆ; ಕಾಲುವೆ ನೀರಿಗೆ ಪಾಳಿ ಕಾಯುವ ರೈತನಂತೆ ಅವರಿಗೂ ಕಾಯುವುದು ಇದ್ದೇ ಇದೆ. ‘ರಾತ್ರಿ ಪಾಳಿ ಮುಗಿಸಿ ಬಂದ’ ಎನ್ನುವಾಗ ಸರದಿಯಷ್ಟೇ ಅಲ್ಲ, ಆ ಹೊತ್ತಿನಲ್ಲಿ ಮಾಡಿದ ಕೆಲಸವೂ ಅದೇ ಪದದಲ್ಲಿ ಅಡಗಿರುತ್ತದೆ.

ಇದರಿಂದ ಇನ್ನೊಂದು ಅನುಕೂಲವಾಯಿತು. ತಂಡ ಎಳೆಯರನ್ನು ನಂಬಿದ್ದನ್ನು ಹೇಳಲು ಪತ್ರಿಕೆಗಳ ‘ಯುವಕರಿಗೆ ಮಣೆ’ಯನ್ನೇ ಮೊದಲು ಬಳಸಿದ್ದೆ. ಆದರೆ ಮಣೆ ಹಾಕುವುದು ಬಂದವರನ್ನು ಕೂರಿಸುವ ಮಾತು, ಕೆಲಸ ಒಪ್ಪಿಸುವ ಮಾತಲ್ಲ. ಪೈರೇಟ್ಸ್ ಆ ವರ್ಷ 22 ವರ್ಷದ ಜ್ಯಾರೆಡ್ ಜೋನ್ಸ್‌ನನ್ನೂ ಆರಂಭಿಕನನ್ನಾಗಿ ಇಳಿಸಿದ್ದರಿಂದ ‘ಐದರಲ್ಲಿ ಎರಡು ಪಾಳಿಯನ್ನು ಹೊಸಬರಿಗೆ ಒಪ್ಪಿಸಿತು’ ಎಂದು ತಿದ್ದಿಕೊಂಡೆ. ಆ ನಂಬಿಕೆಗೂ ಒಂದು ಲೆಕ್ಕವಿತ್ತೆನ್ನಿ: ಒಂದೂ ಹಿಟ್ ಕೊಡದಿದ್ದ ಸ್ಕೀನ್ಸನನ್ನು 100 ಎಸೆತವಾದೊಡನೆ ನಿಲ್ಲಿಸಿದರು.

ನನ್ನ ಅನುಮಾನ ಉಳಿದಿರುವುದು ಪಂದ್ಯದ ನಡುವೆ ಬರುವ ಎಸೆತಗಾರನ ವಿಷಯದಲ್ಲಿ. ಅವನಿಗೆ ಗೊತ್ತಾದ ಸರದಿಯಿಲ್ಲ. ಕರೆದಾಗ ಬಂದು, ಒಮ್ಮೊಮ್ಮೆ ಒಬ್ಬನೇ ದಾಂಡಿಗನಿಗೆ ಎಸೆದು ಹೋಗುತ್ತಾನೆ. ಅದನ್ನೂ ‘ಪಾಳಿ’ ಎನ್ನಬಹುದೇ? ಸರದಿಯಿಲ್ಲದೆ, ಕರೆ ಬಂದಾಗ ಹೋಗಿ ಮಾಡಿಕೊಡುವ ಕೆಲಸಕ್ಕೆ ನಿಮ್ಮ ಕಡೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.